ಗಾಯರಾಣದ ಗಾಳಿ ಮತ್ತು ನಮ್ಮ ಮಾಸ್ತರು

ಬಾಗಿಲು ದಾಟಿ ಹೊರಗೆ ಬಂದ ಕೂಡಲೇ ನಮ್ಮ ಮಾಸ್ತರು ಬಲಗೈಯ ತೋರುಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿ, ತಲೆಗಿಂತ ಮೇಲೆ ಎತ್ತಿ ಹಿಡಿಯುತ್ತಿದ್ದರು. ಬೆರಳಿನ ಯಾವ ಮಗ್ಗುಲು ಮೊದಲು ತಂಪಾಗುತ್ತದೋ ಗಾಳಿ ಆ ಕಡೆಯಿಂದ ಬರುತ್ತಿದೆ ಎಂದು ಲೆಕ್ಕ. ಆ ಬೆರಳಿನ ಉಗುರು ಎಂದೋ ಬಾಗಿಲ ಸಂದಿಗೆ ಸಿಕ್ಕಿ ನಡುವೆ ಸೀಳಿಕೊಂಡು ಬೆಳೆದಿತ್ತು. ಮದುವೆಯ ಚಪ್ಪರದಿಂದ ಹೊರಬಿದ್ದರೂ ಅದೇ, ಸಾವಿನ ಮನೆಯಿಂದ ಹೊರಬಿದ್ದರೂ ಅದೇ. ಗೊತ್ತಿಲ್ಲದವರು ಮಾಸ್ತರು ಯಾರಿಗೋ ಏನೋ ಎಚ್ಚರಿಕೆ ಕೊಡುತ್ತಿದ್ದಾರೆ ಎಂದುಕೊಂಡು ತಾವೂ ಮೇಲೆ ನೋಡುತ್ತಿದ್ದರು.

ಅವರು ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ಶಿರಸಿಯಿಂದ ಬನವಾಸಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮೂರು. ಮಾಸ್ತರು ಕಾನಸೂರು ಕಡೆಯವರು. ಅವರ ‘ಎಂತ’, ‘ಇಲ್ಲೆ’ಗಳನ್ನು ಕೇಳಿ ಮೊದಲ ವಾರ ನಾವು ಬೆಂಚಿನ ಕೆಳಗೆ ಮುಖ ಇಟ್ಟು ನಕ್ಕಿದ್ದೆವು. ಎರಡನೇ ವಾರಕ್ಕೆ ನಾವೇ ಹಾಗೆ ಮಾತಾಡತೊಡಗಿ ಮನೆಯಲ್ಲಿ ಬೈಸಿಕೊಂಡೆವು. ಬಾಡಿಗೆ ಕೋಣೆಗೆ ಬಂದವರು ಮುಂದೆ ಇಲ್ಲಿಯೇ ಸಣ್ಣ ಮನೆ ಕಟ್ಟಿಸಿಕೊಂಡರು. ಹೆಂಡತಿ ತೀರಿಕೊಂಡ ಮೇಲೆ, ನಿವೃತ್ತಿಯಾದ ಮೇಲೆ, ಈಗ ಹೋಗುತ್ತಾರೆ ಎಂದು ಊರು ಅಂದುಕೊಂಡಾಗಲೆಲ್ಲ ಹೋಗಲಿಲ್ಲ.

ಹೋಗದಿರಲು ಗುಡ್ಡವೇ ಕಾರಣ ಎಂದು ಅವರು ತಮಾಷೆಗೆ ಹೇಳುತ್ತಿದ್ದರು. ಊರಿನ ಮೂಡಣಕ್ಕೆ ಒಂದು ಬೋಳು ಗುಡ್ಡವಿದೆ. ಅಲ್ಲಿಗೆ ಕಾಡು ಮುಗಿದು ಹಾನಗಲ್ ಕಡೆಯ ಬಯಲು ಶುರುವಾಗುತ್ತದೆ. ಹಳೆಯ ಮುಂಬಯಿ ಸರ್ಕಾರದ ಕಾಲದಿಂದ ಊರ ದನಗಳ ಮೇವಿಗೆಂದು ಬಿಟ್ಟ ಜಾಗ ಅದು. ಕಾಗದದಲ್ಲಿ ಗೋಮಾಳ, ನಮ್ಮ ಬಾಯಲ್ಲಿ ಗಾಯರಾಣ. ಅಲ್ಲಿ ನಿಂತರೆ ಸೀರೆಯ ಸೆರಗು ನಿಲ್ಲುವುದಿಲ್ಲ, ಅಷ್ಟು ಗಾಳಿ.

ಎಂಟನೇ ಇಯತ್ತೆಯವರನ್ನು ಪ್ರತಿ ವರ್ಷ ಆ ಗುಡ್ಡಕ್ಕೆ ಕರೆದೊಯ್ಯುತ್ತಿದ್ದರು. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಎಲೆಗಳನ್ನು ಮಾಡಿ, ಅವನ್ನು ಸೈಕಲ್ಲಿನ ಡೈನಮೋಕ್ಕೆ ಕಟ್ಟಿ, ಡೈನಮೋಕ್ಕೆ ಒಂದು ಪುಟ್ಟ ಬಲ್ಬು ಸಿಕ್ಕಿಸಿ ಗಾಳಿಗೆ ಹಿಡಿಯುವುದು ಪಾಠ. ನಮ್ಮ ವರ್ಷ ಬಲ್ಬು ಹತ್ತಿತು ಎಂದೇ ನನ್ನ ನೆನಪು. ನನ್ನ ಬೆಂಚಿನವಳಾಗಿದ್ದ ನೀಲವ್ವ ಇದನ್ನು ಒಪ್ಪುವುದಿಲ್ಲ. ಬಲ್ಬು ಹತ್ತಲೇ ಇಲ್ಲವಂತೆ. “ಹತ್ತಿದ್ದು, ಬಿಸಿಲಿಗೆ ಕಾಣ್ತಾ ಇಲ್ಲೆ” ಎಂದರಂತೆ ಮಾಸ್ತರು. ನಾವೆಲ್ಲ ಸಾಲಾಗಿ ಬಂದು, ಅಂಗೈ ಮರೆ ಮಾಡಿ ಇಣುಕಿ, ಹೌದು ಸರ್ ಎಂದೆವಂತೆ. ತಾನೊಬ್ಬಳೇ ಇಲ್ಲ ಸರ್ ಎಂದೆ ಎನ್ನುತ್ತಾಳೆ ಅವಳು. ನೆನಪಿನ ವಿಷಯದಲ್ಲಿ ನಾನು ನನ್ನನ್ನೇ ಪೂರ್ತಿ ನಂಬುವವಳಲ್ಲ. ಅವಳ ನೆನಪಿನ ಮಾಸ್ತರು ನನ್ನ ನೆನಪಿನವರಿಗಿಂತ ಹೆಚ್ಚು ನಿಜವಾದ ಮಾಸ್ತರ ಹಾಗೇ ಇದ್ದಾರೆ ಎಂಬುದನ್ನಂತೂ ಅಲ್ಲಗಳೆಯಲಾರೆ.

ಆದರೆ ಊರು ಅವರನ್ನು ನೆನೆಯುವುದು ವಿಜ್ಞಾನಕ್ಕಲ್ಲ, ಶನಿವಾರದ ಚರ್ಚೆಗೆ. ಶನಿವಾರ ಬೆಳಗಿನ ಶಾಲೆಯ ಕೊನೆಯ ಅವಧಿಯಲ್ಲಿ ಒಂದು ವಿಷಯ ಕೊಡುತ್ತಿದ್ದರು. ಊರಿಗೆ ಬಸ್ಸು ಮೊದಲೋ ಬಾವಿ ಮೊದಲೋ, ಇಂಥವು. ಮಾತಾಡುವವರು ಎದ್ದು ನಿಂತ ಮೇಲೆ ಮಾಸ್ತರ ಟೋಪಿಯಿಂದ ಒಂದು ಚೀಟಿ ಎತ್ತಬೇಕು. ಪರ ಎಂದು ಬಂದರೆ ಪರವಾಗಿ, ವಿರೋಧ ಎಂದು ಬಂದರೆ ವಿರೋಧವಾಗಿ ಮಾತಾಡಲೇಬೇಕು. ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಅವರು ಕೇಳುತ್ತಿರಲಿಲ್ಲ. ತಮ್ಮ ಮನಸ್ಸಿನಲ್ಲಿ ಏನಿದೆ ಎಂದು ಹೇಳುತ್ತಲೂ ಇರಲಿಲ್ಲ.

ಒಂದು ಶನಿವಾರ ನೀಲವ್ವ ಚೀಟಿ ಬಿಚ್ಚಿ ನೋಡಿ, ತಿರುಗಿ ಟೋಪಿಗೆ ಹಾಕಿದಳು. ತನಗೆ ಹಾಗೆ ಅನ್ನಿಸುವುದಿಲ್ಲ, ಅನ್ನಿಸದ್ದನ್ನು ಹೇಗೆ ಹೇಳಲಿ ಎಂದು ಕೇಳಿದಳು.

“ಅನ್ನಿಸಿದ್ದನ್ನ ಯಾರು ಬೇಕಾದ್ರೂ ಹೇಳ್ತ್ರು ಮಾರಾಯ್ತಿ,” ಎಂದರು ಮಾಸ್ತರು. “ಎದುರಿನವಂಗೆ ಎಂತಕ್ಕೆ ಹಂಗೆ ಅನ್ನಿಸ್ತು ಅಂತ ಹುಡುಕು. ಅದು ಸಿಕ್ಕಿದ್ರೆ ನೀನು ಜಗಳ ಆಡೂದಿಲ್ಲೆ, ಮಾತಾಡ್ತೆ.”

ಅವಳು ಮತ್ತೆ ಚೀಟಿ ಎತ್ತಿದಳು. ಮಾತಾಡಿದಳು. ಎಷ್ಟು ಚೆನ್ನಾಗಿ ಎಂದರೆ ಆ ವರ್ಷ ತಾಲೂಕಿನ ಸ್ಪರ್ಧೆಗೆ ಅವಳನ್ನೇ ಶಿರಸಿಗೆ ಕರೆದೊಯ್ದರು. ನಾವೆಲ್ಲ ಅವಳು ವಕೀಲೆಯಾಗುತ್ತಾಳೆ ಎಂದುಕೊಂಡಿದ್ದೆವು. ಹತ್ತನೇ ಇಯತ್ತೆ ಮುಗಿದ ಮೇಲೆ ಅವಳ ಮದುವೆಯಾಯಿತು, ಊರಿನೊಳಗೇ. ಗಂಡ ಕಂಡವರ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಮನೆಯ ಜಾಗ ಬಿಟ್ಟರೆ ಭೂಮಿ ಇಲ್ಲ. ಎಮ್ಮೆಗಳಿವೆ, ಡೇರಿಗೆ ಹಾಲು ಹಾಕುತ್ತಾಳೆ. ಎಮ್ಮೆಗಳು ಮೇಯುವುದು ಗಾಯರಾಣದಲ್ಲಿ. ನಾನು ಧಾರವಾಡದಲ್ಲಿ ಓದಿ ಶಿರಸಿಯಲ್ಲಿ ಕೆಲಸಕ್ಕೆ ಸೇರಿದೆ. ವಾರದ ಕೊನೆಗೆ ಊರಿಗೆ ಬಂದಾಗ ಮಾಸ್ತರ ಮನೆಯ ಜಗಲಿಯಲ್ಲಿ ಕುಳಿತು ಬರುವುದು ರೂಢಿಯಾಗಿತ್ತು.

ಹೀಗಿರುವಾಗ ಒಂದು ಕಂಪನಿಯವರು ಬಂದರು. ಗುಡ್ಡದ ಮೇಲೆ ಗಾಳಿ ಅಳೆಯುವ ಉದ್ದನೆಯ ಕಂಬ ನೆಟ್ಟು, ಒಂದು ವರ್ಷ ಬಿಟ್ಟು ಮತ್ತೆ ಬಂದು, ಇಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸುತ್ತೇವೆ, ಪಂಚಾಯ್ತಿಯ ಒಪ್ಪಿಗೆಯ ಠರಾವು ಬೇಕು ಎಂದರು. ಗುಡ್ಡಕ್ಕೆ ಅಗಲವಾದ ರಸ್ತೆ ಆಗುತ್ತದೆ, ಪಂಚಾಯ್ತಿಗೆ ಪ್ರತಿ ವರ್ಷ ಆದಾಯ ಬರುತ್ತದೆ ಎಂದೂ ಹೇಳಿದರು. ಊರು ಎರಡಾಯಿತು. ಗದ್ದೆ, ಶುಂಠಿ ಇದ್ದವರಿಗೆ ರಸ್ತೆ ಬೇಕಾಗಿತ್ತು. ಶಿರಸಿ ಪೇಟೆಗೆ ಅನಾನಸು ಸಾಗಿಸುವ ಟೆಂಪೋ ಚಾಚಾ, ರಸ್ತೆಯಾದರೆ ತಮ್ಮ ಗಾಡಿಯ ಅಡಿಯ ಸ್ಪ್ರಿಂಗು ಪಾಟಾ ಇನ್ನೊಂದಷ್ಟು ವರ್ಷ ಬದುಕುತ್ತದೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಪ್ರಚಾರ ಮಾಡುತ್ತಿದ್ದರು. ದನ ಕಟ್ಟಿದವರಿಗೆ ಗುಡ್ಡ ಬೇಕಾಗಿತ್ತು. ಕೊಟ್ಟಿಗೆ ಇದ್ದೂ ಹೊಲ ಇಲ್ಲದ ನೀಲವ್ವನಂಥವರಿಗೆ ಗುಡ್ಡ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ.

ಗ್ರಾಮಸಭೆ ಕರೆದರು. ಪಂಚಾಯ್ತಿ ಅಧ್ಯಕ್ಷರು ಮಾಸ್ತರ ಹಳೆಯ ವಿದ್ಯಾರ್ಥಿ. ಕಂಪನಿಯವರು ಹೇಳಿದ್ದು ಯಾರಿಗೂ ಸರಿಯಾಗಿ ತಲೆಗೆ ಹತ್ತಲಿಲ್ಲ, ನೀವು ನಮ್ಮ ಭಾಷೆಯಲ್ಲಿ ಹೇಳಿ ಸರ್ ಎಂದು ಮೈಕು ಅವರ ಕೈಗೆ ಕೊಟ್ಟರು. ಮಾಸ್ತರು ಎದ್ದು ನಿಂತರು. ಮೊದಲು ಪರವಾಗಿ ಮಾತಾಡಿದರು. ಕಲ್ಲಿದ್ದಲು, ಹೊಗೆ, ಗಾಳಿ, ಪಂಚಾಯ್ತಿಯ ಆದಾಯ, ರಸ್ತೆ. ಒಂದು ಕಡೆಯವರು ಚಪ್ಪಾಳೆ ಹೊಡೆದರು. ಮಾಸ್ತರು ಕೈ ಎತ್ತಿ ಅವರನ್ನು ಸುಮ್ಮನಾಗಿಸಿ, ಅದೇ ಉಸಿರಿನಲ್ಲಿ ವಿರೋಧವಾಗಿ ಶುರುಮಾಡಿದರು. ರಸ್ತೆಗೆ ಗುಡ್ಡ ಕಡಿದರೆ ಮಣ್ಣು ಎಲ್ಲಿಗೆ ಹೋಗುತ್ತದೆ, ಹಕ್ಕಿಗಳು ಏನು ಮಾಡಬೇಕು, ಇವತ್ತು ಕೊಟ್ಟ ಗಾಯರಾಣ ಮೊಮ್ಮಕ್ಕಳ ಕಾಲಕ್ಕೆ ತಿರುಗಿ ಸಿಗುತ್ತದೆಯೇ. ಇನ್ನೊಂದು ಕಡೆಯವರು ಹೊಡೆದರು. ಎರಡೂ ಅಷ್ಟೇ ಚೆನ್ನಾಗಿದ್ದವು. ಮುಗಿಸಿ ಕುಳಿತಾಗ ಅವರ ಮುಖದಲ್ಲಿ ಶನಿವಾರದ ಬೆಳಕಿತ್ತು.

ಹಿಂದಿನಿಂದ ಯಾರೋ, ಮಾಸ್ತರು ಯಾರ ಪೈಕಿ ಎಂದು ಕೇಳಿದರು. ಆಗ ನೀಲವ್ವ ಎದ್ದಳು.

“ಸರ್, ಎರಡೂ ಕಡಿ ಮಾತಾಡಿದ್ರಿ. ಎರಡೂ ಚಲೋ ಆತು. ನನ್ನ ಎಮ್ಮಿಗೆ ಎರಡು ಹೊಟ್ಟಿ ಇಲ್ರಿ.”

“ನಾಲ್ಕು ಇದ್ದು ತಂಗಿ,” ಎಂದರು ಮಾಸ್ತರು.

ಬಾಯಿಗೆ ಬಂದುಬಿಟ್ಟಿತ್ತು. ಜೀವಮಾನವೆಲ್ಲ ಮೆಲುಕು ಹಾಕುವ ಪ್ರಾಣಿಗಳ ಪಾಠ ಮಾಡಿದವರ ಬಾಯಿಗೆ ಬೇರೆ ಏನು ಬರುತ್ತದೆ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಧ್ಯಕ್ಷರೂ ನಕ್ಕರು. ನಾನೂ ನಕ್ಕೆ ಎಂದು ಕಾಣುತ್ತದೆ. ನೀಲವ್ವ ನಗಲಿಲ್ಲ. ಸೆರಗು ಸರಿ ಮಾಡಿಕೊಂಡು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಸಭೆಯಿಂದ ಹೊರಗೆ ನಡೆದಳು. ಮಾಸ್ತರ ನಗು ಅರ್ಧಕ್ಕೆ ನಿಂತದ್ದನ್ನು ನಾನು ನೋಡಿದೆ. ತೀರ್ಮಾನವನ್ನು ಮುಂದಿನ ಸಭೆಗೆ ಹಾಕಿದರು.

ಅವರ ಮನೆಯವರೆಗೆ ಜೊತೆಗೆ ನಡೆದೆ. ಗೇಟಿನ ಹತ್ತಿರ ನಿಂತು, ನಾಳೆ ಬೆಳಿಗ್ಗೆ ನೀನೂ ಬಾ ಎಂದರು. ಎಲ್ಲಿಗೆ ಎಂದು ಹೇಳಲಿಲ್ಲ.

ಬೆಳಿಗ್ಗೆ ಹೋದದ್ದು ನೀಲವ್ವನ ಕೊಟ್ಟಿಗೆಗೆ. ಅವಳು ಹಾಲು ಕರೆಯುತ್ತಿದ್ದಳು. ಎದ್ದು ನಿಲ್ಲಲು ಹೋದವಳನ್ನು ಮಾಸ್ತರು ಬೇಡವೆಂದು ತಡೆದು, ಅಲ್ಲೇ ಇದ್ದ ಹಿಂಡಿಯ ಚೀಲದ ಮೇಲೆ ಕುಳಿತರು. ನಿನ್ನೆ ನಗಿಸಿದ್ದಕ್ಕೆ ಕ್ಷಮೆ ಕೇಳಲು ಬಂದಿದ್ದಾರೆ ಎಂದುಕೊಂಡೆ. ಕ್ಷಮೆ ಕೇಳಲಿಲ್ಲ. ಮುಂದಿನ ಸಭೆಯಲ್ಲಿ ತಾನು ಒಂದೇ ಕಡೆ ಮಾತಾಡುವವನು, ಅದು ಯಾವ ಕಡೆ ಎಂದು ನಿನಗೆ ಮೊದಲು ಗೊತ್ತಾಗಬೇಕು, ಹಾಗಾಗಿ ಬಂದೆ ಎಂದರು.

“ಯಾವ ಕಡಿ ಸರ್?”

“ಪರ.”

ಹಾಲಿನ ಸದ್ದು ನಿಂತಿತು. ಅವಳು ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಕರೆಯತೊಡಗಿ, ಯಾಕೆ ಎಂದು ಹೇಳಿರಿ ಎಂದಳು.

ಅವರು ಹೇಳಿದರು. ಅವರ ಅಮ್ಮನ ತವರು ಶರಾವತಿಯ ಹಿನ್ನೀರಿನ ಕೆಳಗಿದೆ. ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ಊರು ಬಿಟ್ಟು ಬರುವಾಗ ಅಜ್ಜಿ ಒಲೆಯ ಮೂರು ಗುಂಡುಕಲ್ಲುಗಳನ್ನೂ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳಂತೆ. ಆ ನೀರಿನಿಂದ ಬಂದ ಕರೆಂಟಿನಲ್ಲಿ ತಾನು ಓದಿ ಮಾಸ್ತರನಾದೆ ಎಂದರು. ಹೇಳುತ್ತ ಹೇಳುತ್ತ ಮನೆಮಾತು ಇನ್ನಷ್ಟು ದಟ್ಟವಾಗಿತ್ತು. “ಎಲ್ಲರಿಗೂ ದೀಪ ಬೇಕು, ಕಂಬ ಮಾತ್ರ ಬೇರೆಯವರ ಊರಲ್ಲಿ ಇರಬೇಕು. ಅಮ್ಮನ ಊರಿಗೆ ಹಂಗೇ ಆತು. ಈಗ ನಮ್ಮ ಪಾಳಿ ಬಂದಾಗ ಬ್ಯಾಡ ಹೇಳಲೆ ಬಾಯಿ ಬತ್ತಿಲ್ಲೆ. ಇಲ್ಲಿ ಯಾರೂ ಮುಳುಗ್ತ್ವಿಲ್ಲೆ ನೀಲವ್ವ.”

“ನಾ ಮುಳುಗ್ತೀನಲ್ರಿ ಸರ್.”

ಅದನ್ನು ಅವಳು ಗಟ್ಟಿಯಾಗಿ ಹೇಳಲಿಲ್ಲ. ಎಮ್ಮೆಗೆ ಹೇಳಿದ ಹಾಗೆ ಹೇಳಿದಳು. ಮಾಸ್ತರು ಹಿಂಡಿಯ ಚೀಲದಿಂದ ಎದ್ದು ನಿಂತರು. ಆಮೇಲೆ, ಗುಡ್ಡಕ್ಕೆ ಬೇಲಿ ಹಾಕಬಾರದು, ಕಂಬದ ಬುಡ ಬಿಟ್ಟು ಉಳಿದದ್ದೆಲ್ಲ ದನಗಳಿಗೆ ತೆರೆದಿರಬೇಕು ಎಂದು ಠರಾವಿನಲ್ಲಿ ಬರೆಸುತ್ತೇನೆ, ಬರೆಸದಿದ್ದರೆ ನಾನೂ ಪರ ಇಲ್ಲ ಎಂದರು. ಬರೆಸಿದ್ದು ಎಷ್ಟು ದಿನ ನಿಲ್ಲುತ್ತದೆ ಎಂದು ಅವಳು ಕೇಳಿದಳು. ಗೊತ್ತಿಲ್ಲ ಎಂದರು.

“ಹಂಗಾರ ನಾ ನಿಮ್ಮ ಎದುರಿಗೆ ನಿಲ್ಲಾಕಿ.”

“ನಿಲ್ಲು. ಚೀಟಿ ಎತ್ತಿ ನಿಂತ ಹಂಗಲ್ಲ, ಸರಿಯಾಗಿ ನಿಲ್ಲು.”

ಹೊರಡುವಾಗ ಅವಳು ಚಹಾ ಕೊಟ್ಟಳು. ಮೂವರೂ ಕುಡಿದೆವು. ಯಾರೂ ಗಾಯರಾಣದ ಮಾತೆತ್ತಲಿಲ್ಲ.

ಎರಡನೇ ಸಭೆಯನ್ನು ಮಾಸ್ತರ ಒತ್ತಾಯದಿಂದ ಗುಡ್ಡದ ಮೇಲೆಯೇ ಇಟ್ಟರು. ಕೊಡಬೇಕೋ ಬೇಡವೋ ಎನ್ನುವ ಜಾಗವನ್ನು ಕಾಲಡಿಗೆ ಇಟ್ಟುಕೊಂಡು ಮಾತಾಡಿ ಎನ್ನುವುದು ಅವರ ವಾದ. ಮೈಕಿಗೆ ಗಾಳಿ ಹೊಕ್ಕು ಬರೀ ಬುಸುಗುಡುತ್ತಿತ್ತು. ಅದನ್ನು ಬದಿಗಿಟ್ಟು ಎಲ್ಲರೂ ಹತ್ತಿರ ಹತ್ತಿರ ಕುಳಿತುಕೊಳ್ಳಬೇಕಾಯಿತು. ಪರ ಇದ್ದವರೂ ವಿರೋಧ ಇದ್ದವರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತ ಅಂಥ ಸಭೆಯನ್ನು ನಾನು ಆಮೇಲೆ ನೋಡಿಲ್ಲ.

ಮಾಸ್ತರು ಮಾತಾಡಲು ಎದ್ದರು. ಮತ್ತು, ಇದನ್ನು ಬರೆಯುವಾಗ ಇವತ್ತಿಗೂ ನನಗೆ ಆಶ್ಚರ್ಯವಾಗುತ್ತದೆ, ಬಹಳ ಕೆಟ್ಟದಾಗಿ ಮಾತಾಡಿದರು. ಚೀಟಿ ಯಾವುದು ಬಂದರೂ ನೀರು ಹರಿದ ಹಾಗೆ ಮಾತಾಡುತ್ತಿದ್ದವರು ತಮ್ಮ ಮನಸ್ಸಿನದನ್ನು ಹೇಳಲು ತಡವರಿಸಿದರು. ವಾಕ್ಯಗಳು ಮುಗಿಯಲಿಲ್ಲ. ಅಮ್ಮನ ಊರಿನ ವಿಷಯ ಬಂದಾಗ ಅದನ್ನು ಹಾರಿಸಿ ಮುಂದೆ ಹೋದರು. ಬೇಲಿಯ ಷರತ್ತನ್ನು ಮಾತ್ರ ಎರಡು ಸಲ ಹೇಳಿದರು. ನಡುವೆ ಒಬ್ಬ ತರುಣ, ಮಾಸ್ತರ್ರ, ನಿಮ್ಮ ಮೂಲ ಊರು ಕಾನಸೂರು, ಅಲ್ಲಿ ಗುಡ್ಡ ಇಲ್ಲೇನು, ಅಲ್ಲೇ ನಿಲ್ಲಿಸಿರಿ ಎಂದು ಕೂಗಿದ. ಟೆಂಪೋ ಚಾಚಾ ಕುಳಿತಲ್ಲಿಂದಲೇ, “ಅವ್ರು ಈ ಊರಿಗೆ ಬಂದಾಗ ನೀ ಹುಟ್ಟೇ ಇರಲಿಲ್ಲ ಬೇಟಾ, ನಿನಗಿಂತ ಅವ್ರೇ ಹೆಚ್ಚು ಊರವ್ರು” ಎಂದರು. ಮಾಸ್ತರು ಕುಳಿತರು.

ನೀಲವ್ವ ಮಾತಾಡಿದಳು. ಅದು ಭಾಷಣವಾಗಿರಲಿಲ್ಲ. ಮೊದಲು ಸರ್ ಹೇಳಲಾರದೆ ಬಿಟ್ಟದ್ದನ್ನು ತಾನೇ ಹೇಳಿದಳು: ಮುಳುಗಿದ ಊರು, ಅಜ್ಜಿಯ ಒಲೆಯ ಗುಂಡು. ಸರ್ ಯಾಕೆ ಹೌದು ಅನ್ನುತ್ತಾರೆಂದು ತಿಳಿದುಕೊಂಡು ಆಮೇಲೆ ನನ್ನ ಮಾತು ಕೇಳಿರಿ ಎಂದಳು. ಬಳಿಕ, ನಮಗೆ ಹೊಲ ಇಲ್ಲ, ಈ ಗುಡ್ಡವೇ ನಮ್ಮ ಹೊಲ, ಒಬ್ಬರ ಹೊಲ ಕೇಳುವಾಗ ಅವರ ಹೆಸರು ಹಿಡಿದು ಕೇಳುತ್ತೀರಿ, ನಮ್ಮದನ್ನು ಊರ ಹೆಸರಿನಲ್ಲಿ ಕೇಳುತ್ತಿದ್ದೀರಿ ಎಂದಳು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹೊಡೆಯುವ ಮಾತಾಗಿರಲಿಲ್ಲ.

ಕೈ ಎತ್ತಿಸಿದರು. ಠರಾವು ಪಾಸಾಯಿತು, ಬೇಲಿಯ ಷರತ್ತಿನೊಂದಿಗೆ. ಮಾಸ್ತರ ಕೈ ಮೇಲಿತ್ತು. ಆ ಕೈ ಎತ್ತುವಾಗ ಅವರು ನೋಡುತ್ತಿದ್ದದ್ದು ಅಧ್ಯಕ್ಷರನ್ನಲ್ಲ, ನೀಲವ್ವನನ್ನು. ಅವಳೂ ಕಣ್ಣು ತಪ್ಪಿಸಲಿಲ್ಲ. ನನ್ನ ಮತ ಶಿರಸಿಯಲ್ಲಿದ್ದುದರಿಂದ ನಾನು ಯಾವ ಕಡೆಗೂ ಕೈ ಎತ್ತುವಂತಿರಲಿಲ್ಲ.

ಕೆಲಸ ಶುರುವಾದ ಮೇಲೆ ನಡೆದದ್ದನ್ನು ನಾನು ಅಷ್ಟಿಷ್ಟು ಕಂಡದ್ದು, ಉಳಿದದ್ದು ಕೇಳಿದ್ದು. ಸಾಮಾನು ಇಡುವ ಜಾಗಕ್ಕೆಂದು ಗುತ್ತಿಗೆದಾರರು ಗುಡ್ಡದ ದಾರಿಗೇ ತಂತಿಬೇಲಿ ಎಳೆದರು. ಕೆಲಸ ಮುಗಿಯುವವರೆಗೆ ಮಾತ್ರ ಎಂದರು. ಮರುದಿನದಿಂದ ಮಾಸ್ತರು ಛತ್ರಿ ಹಿಡಿದು, ಠರಾವಿನ ನಕಲನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು, ನೀಲವ್ವನ ಎಮ್ಮೆಗಳ ಮುಂದೆ ನಡೆಯತೊಡಗಿದರು. ತಂತಿಯ ಹತ್ತಿರ ನಿಂತು, ದನ ಬಂದಿವೆ, ದಾರಿ ಬಿಡಿ ಎಂದು ಕೆಲಸದವರಿಗೆ ಹೇಳುವುದು. ಅವರು ತಂತಿ ಬಿಚ್ಚುವುದು. ಸಂಜೆ ಮತ್ತೆ ಅದೇ. ಕೊನೆಗೆ ಬೇಸತ್ತು ಅವರೇ ತಂತಿ ಹಿಂದಕ್ಕೆ ಸರಿಸಿದರು. ಎಮ್ಮೆ ಕಾಯುವ ಮಾಸ್ತರು ಎಂದು ಊರು ನಕ್ಕಿತು. ಅವರಿಗೆ ಅದರಿಂದ ಬೇಜಾರಾದದ್ದು ಕಾಣೆ.

ಆದರೂ ರಸ್ತೆ ಹುಲ್ಲಿನ ಒಳ್ಳೆಯ ಭಾಗವನ್ನೇ ತಿಂದಿತು. ಕಡಿದ ಮಣ್ಣು ಇಳಿಜಾರಿಗೆ ಬಿದ್ದು ಅಲ್ಲಿಯದೂ ಹೋಯಿತು. ನೀಲವ್ವ ಒಂದು ಎಮ್ಮೆಯನ್ನು ಮಾರಬೇಕಾಯಿತು. ಮಾರಿದ ದಿನ ಮಾಸ್ತರು ಕೊಟ್ಟಿಗೆಗೆ ಹೋಗಿ ತನ್ನ ಅಂದಾಜು ತಪ್ಪಿತು ಎಂದು ಒಪ್ಪಿಕೊಂಡರಂತೆ. ಹಾಗಾದರೆ ಈಗ ವಿರೋಧವೋ ಎಂದು ಅವಳು ಕೇಳಿದ್ದಕ್ಕೆ, ಇಲ್ಲ, ಈಗಲೂ ಪರವೇ, ಆದರೆ ಮೊದಲಿನಷ್ಟು ನಿದ್ದೆ ಬರುವುದಿಲ್ಲ ಎಂದರಂತೆ. ದಿನವೂ ಬೆಳಿಗ್ಗೆ ಹಾಲಿಗೆ ಅವರೇ ತಂಬಿಗೆ ಹಿಡಿದು ಹೋಗುತ್ತಿದ್ದರು. ಇಬ್ಬರೂ ಗಾಳಿಯಂತ್ರದ ಬಗ್ಗೆ ವಾದ ಮಾಡುತ್ತಿದ್ದರು. ವಾದ ಮುಗಿಯದೆ ಹಾಲು ಅಳೆಯುತ್ತಿರಲಿಲ್ಲ ಎಂದು ಅವಳ ಗಂಡ ಹೇಳುತ್ತಾನೆ.

ನಾನು ಅವರನ್ನು ಕೊನೆಯ ಸಲ ಕಂಡದ್ದು ಅದೇ ಜಗಲಿಯಲ್ಲಿ. ಗುಡ್ಡದ ಮೇಲೆ ಮೊದಲ ಕಂಬ ನಿಂತಿತ್ತು, ಎಲೆಗಳು ಇನ್ನೂ ಕೂಡಿರಲಿಲ್ಲ. ಮಾತಿನ ನಡುವೆ ತಟ್ಟನೆ ಕೇಳಿದರು: “ಅಲ್ದಾ, ನೀನು ಎಂತ ಹೇಳ್ತೆ ಇದಕ್ಕೆ? ಒಂದು ದಿನವೂ ಹೇಳಿದ್ದಿಲ್ಲೆ.”

ಎರಡೂ ಕಡೆ ನ್ಯಾಯ ಇದೆ ಸರ್ ಎಂದೆ.

ಅವರು ನಕ್ಕರು. ಕುಹಕದ ನಗು ಅಲ್ಲ. “ಅದು ನಂಗೂ ಗೊತ್ತಿದ್ದು. ನಾನು ಕೇಳಿದ್ದು ನಿನ್ನ.” ಉತ್ತರಕ್ಕೆ ಕಾಯಲಿಲ್ಲ. ಒಳಗೆ ಹೋಗಿ ಬಾಳೆಹಣ್ಣು ತಂದುಕೊಟ್ಟು, ಬಸ್ಸು ತಪ್ಪುತ್ತದೆ ಹೊರಡು ಎಂದರು.

ಆಮೇಲೆ ಕೆಲವೇ ವಾರಗಳಲ್ಲಿ, ಎದೆನೋವು ಎಂದವರನ್ನು ಟೆಂಪೋ ಚಾಚಾ ತಮ್ಮ ಗಾಡಿಯಲ್ಲಿಯೇ ಶಿರಸಿಗೆ ಕರೆತಂದರು. ದಾರಿಯಲ್ಲಿಯೇ ಹೋಗಿದ್ದರು. ಗುಡ್ಡದ ಎಲೆಗಳು ತಿರುಗಿದ್ದನ್ನು ಅವರು ನೋಡಲಿಲ್ಲ.

ಶಾಲೆಯಲ್ಲಿ ಸಂತಾಪಸಭೆ ಇಟ್ಟರು. ಎಲ್ಲರೂ ಹೊಗಳಿದರು. ಊರಿಗೆ ದಾರಿ ತೋರಿದವರು, ಅವರ ಮಾತು ಕೇಳಿ ಊರು ಬೆಳಗಿತು ಎಂದು ಅಧ್ಯಕ್ಷರು ಹೇಳಿದರು. ನೀಲವ್ವ ಎದ್ದಳು. ಮುಂದೆ ಬರಲಿಲ್ಲ, ಹಿಂದಿನ ಬೆಂಚಿನ ಹತ್ತಿರವೇ ನಿಂತಳು.

“ಎಲ್ಲಾರೂ ಸರ್ ದೊಡ್ಡವ್ರು ಅಂದ್ರಿ. ಖರೆ. ಗಾಯರಾಣದ ಮಾತಿನ್ಯಾಗ ಸರ್ ತಪ್ಪಿದ್ರು. ಅವ್ರ ಎದುರಿಗೇ ಹೇಳೀನಿ, ಈಗೂ ಹೇಳ್ತೀನಿ. ಈಗ ಹೇಳಲಿಲ್ಲ ಅಂದ್ರ ಅವ್ರು ಇದ್ದಾಗ ಹೇಳಿದ್ದೂ ಸುಳ್ಳಾಕ್ಕತಿ. ನನಗ ಲುಕ್ಸಾನ ಆಗೂ ಮಾತನ್ನ ನನ್ನ ಕೊಟ್ಟಿಗಿಗೆ ಬಂದು, ನನ್ನ ಮುಂದ ಕುಂತು ಹೇಳಿದವ್ರು ಅವ್ರೊಬ್ರ.”

ಕುಳಿತಳು. ಮುಂದಿನ ಸರದಿ ನನ್ನದಿತ್ತು. ನಾನು ಬರೆದುಕೊಂಡು ಹೋಗಿದ್ದನ್ನು ಓದಲು ಮನಸ್ಸಾಗದೆ, ಅವರು ನನಗೆ ಕಲಿಸಿದ್ದು ಏನೆಂದು ಈಗಷ್ಟೇ ನೀಲವ್ವ ಹೇಳಿದಳು ಎಂದಷ್ಟೇ ಹೇಳಿ ಬಂದು ಕುಳಿತೆ.

ಸಭೆ ಮುಗಿದ ಮೇಲೆ ಇಬ್ಬರೂ ಜೊತೆಗೆ ಹೊರಟೆವು. ಹಾಲು ಕರೆಯುವ ಹೊತ್ತಾಗಿತ್ತು, ಅವಳು ಬೇಗ ಬೇಗ ನಡೆಯುತ್ತಿದ್ದಳು. ಮಾಸ್ತರ ಮನೆ ದಾಟಿ, ಕೊಟ್ಟಿಗೆಯ ಗೇಟಿನ ಹತ್ತಿರ ನಾನು ಅವಳ ಕೈ ಹಿಡಿದು ನಿಲ್ಲಿಸಿದೆ. ಆ ದಿನ ಗುಡ್ಡದ ಮೇಲೆ ನನಗೆ ಮತ ಇದ್ದಿದ್ದರೆ ಸರ್ ಕಡೆಗೇ ಕೈ ಎತ್ತುತ್ತಿದ್ದೆ ನೀಲವ್ವ, ನಿನ್ನ ಎಮ್ಮೆಗಳನ್ನು ಕಣ್ಣಾರೆ ಕಂಡೂ ಎತ್ತುತ್ತಿದ್ದೆ ಎಂದೆ. ಹೇಳುವಾಗ ನನ್ನ ದನಿಯೂ ತಡವರಿಸಿತು.

ಅವಳು ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಗೊತ್ತಿತ್ತು ನನಗ,” ಎಂದಳು. “ಹೇಳ್ತೀಯೋ ಇಲ್ಲೋ ಅಂತ ನೋಡಾಕ್ಹತ್ತಿದ್ದೆ.” ಗೇಟು ತೆರೆದು ಒಳಗೆ ಕಾಲಿಟ್ಟವಳು ತಿರುಗಿ, “ನೀನೂ ತಪ್ಪೇ. ಬಾ, ಚಾ ಕುಡಿದು ಹೋಗು” ಎಂದಳು.